ಸೋಸಿ ಉಳಿದ ನೀರು

ಅಡಿಲೇಡ್

ಆಸ್ಟ್ರೇಲಿಯಾದಿಂದ ಬಂದ ಮೇಲೆ ನಮ್ಮೂರು ಬೇಡಕಿಹಾಳದಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, ಹೆಂಗಿತ್ತು ಅಂತ. ಚಲೋ ಇತ್ತು ಎಂದು ಬಾಯಿಗೆ ಬಂದದ್ದು ಹೇಳಿ ಒಳಗೆ ಹೋಗಿಬಿಡುತ್ತೇನೆ. ನಿಜ ಹೇಳಬೇಕೆಂದರೆ ಆ ಪ್ರವಾಸ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಸಿಟ್ಟು ದೇಶದ ಮೇಲಲ್ಲ. ದೇಶ ಪಾಪ, ತನ್ನ ಪಾಡಿಗೆ ತಾನು ಬಿಸಿಲಲ್ಲಿ ಬಿದ್ದುಕೊಂಡಿತ್ತು. ಗಾಡಿಯೊಳಗೆ ಕೂತಿದ್ದ ನಮ್ಮವರ ಮೇಲೆ ಸಿಟ್ಟು.

ನಮ್ಮವರೆಂದರೆ ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ನಾದಿನಿ ಪದ್ಮಾ ಮದುವೆಯಾಗಿ ಹೋದದ್ದು ಅಥಣಿಗೆ. ಅಲ್ಲಿಂದ ಗಂಡನ ಬೆನ್ನು ಹತ್ತಿ ಹೋದದ್ದು ಅಡಿಲೇಡ್‌ಗೆ. ಅವಳ ಗಂಡ ಅಜಿತ ಆ ಊರಿನಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಎದುರಿಗೆ ನಾನವನನ್ನು ಅಣ್ಣಾರ ಎಂದೇ ಕರೆಯುತ್ತೇನೆ. ಇಲ್ಲಿ ಸಿಟ್ಟಿನಲ್ಲಿ ಬರೆಯುತ್ತಿರುವುದರಿಂದ ಬರೀ ಅಜಿತ. ಮೂರನೆಯವರು ಪದ್ಮಾಳ ತಾಯಿ, ಅಂದರೆ ನನ್ನ ಅತ್ತೆ. ಮಗಳ ಸಂಸಾರ ನೋಡಲು ಬಂದಿದ್ದರು. ನನ್ನ ಗಂಡ ಬರಬೇಕಿತ್ತು, ಆದರೆ ಅದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಯುವ ಪಾಳಿ ಬಂತು. ಪಾಳಿ ತಪ್ಪಿದರೆ ಕಬ್ಬು ನಿಂತಲ್ಲೇ ಒಣಗುತ್ತದೆ. ಹೀಗಾಗಿ ಅತ್ತೆಯ ಜೊತೆ ವಿಮಾನ ಹತ್ತಿದವಳು ನಾನು.

ಆ ದೇಶದ ನಡುಮಧ್ಯದಲ್ಲಿ ಒಂದು ಕೆಂಪು ಬಂಡೆಯಿದೆಯಂತೆ, ಲೋಕವೇ ನೋಡಲು ಬರುತ್ತದಂತೆ, ಅದನ್ನು ಅತ್ತೆಗೆ ತೋರಿಸಬೇಕೆಂದು ಅಜಿತ ಹಟ ಹಿಡಿದ. ನಾವು ಹೋದಾಗ ಅಲ್ಲಿ ಸುಡು ಬೇಸಿಗೆ. ಪಕ್ಕದ ಮನೆಯ ಹೆಂಗಸು ಬೇಲಿಯ ಮೇಲಿಂದ ಕೈ ಆಡಿಸಿ, ಈ ತಿಂಗಳಲ್ಲಿ ಆ ಕಡೆ ಯಾರೂ ಹೋಗುವುದಿಲ್ಲ ಎಂದು ಪದ್ಮಾಳಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಜಿತನಿಗೆ ರಜೆ ಸಿಕ್ಕಿದ್ದು ಆಗಲೇ. ಅಥಣಿ ಮಂದಿಗೆ ಬಿಸಿಲೇನು ಹೊಸದೇ ಎಂದು ನಕ್ಕ. ಅಥಣಿಯ ಬಿಸಿಲಲ್ಲಿ ಮರಕ್ಕೊಂದು ಕಬ್ಬಿನ ಹಾಲಿನ ಗಾಡಿ ನಿಂತಿರುತ್ತದೆ ಎಂಬುದು ಈ ಮಹಾರಾಯನಿಗೆ ಮರೆತೇ ಹೋಗಿತ್ತು.

ಪೋರ್ಟ್ ಆಗಸ್ಟಾ ದಾಟಿ

ಪೋರ್ಟ್ ಆಗಸ್ಟಾ ಎಂಬ ಊರು ದಾಟಿದ ಮೇಲೆ ರಸ್ತೆಗೆ ಮಾತೇ ನಿಂತುಹೋಯಿತು. ನಮ್ಮ ಕಡೆ ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೊರಟರೆ ಕಣ್ಣಿಗೆ ಬಿಡುವಿರುವುದಿಲ್ಲ. ಎರಡು ಟ್ರೇಲರ್ ಕಬ್ಬು ಎಳೆಯುತ್ತ ಹಾಡು ಹಾಕಿಕೊಂಡು ಹೊರಟ ಟ್ರ್ಯಾಕ್ಟರ್, ಅದರ ಹಿಂದೆ ಬೈಯುತ್ತ ಬರುವ ಬಸ್ಸು, ಚಹಾ ಅಂಗಡಿ, ಯಾರ ಪೈಕಿ ನೀವು ಎಂದು ಕೇಳುವ ಮುದುಕರು. ಇಲ್ಲಿ ನೋಡಿದಷ್ಟು ದೂರ ಕೆಂಪು ಮಣ್ಣು, ಮೊಣಕಾಲೆತ್ತರದ ಬೂದು ಗಿಡ. ತಾಸಿಗೊಮ್ಮೆ ಎದುರಿನಿಂದ ಒಂದು ಗಾಡಿ ಬಂದರೆ ಅದರ ಚಾಲಕ ಸ್ಟೇರಿಂಗ್ ಮೇಲಿನಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಅದು ಅಲ್ಲಿಯ ನಮಸ್ಕಾರ. ಅಜಿತನೂ ಬೆರಳು ಎತ್ತುತ್ತಿದ್ದ. ಅತ್ತೆ ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಪ್ರತಿಯೊಬ್ಬನಿಗೂ ಎರಡೂ ಕೈ ಮುಗಿಯುತ್ತಿದ್ದರು.

ಒಂದು ಕಡೆ ರಸ್ತೆಯ ಪಕ್ಕ ದೊಡ್ಡ ಕೆರೆ ಕಂಡಿತು, ಬೆಳ್ಳಗೆ, ಒಂದು ಹನಿ ನೀರಿಲ್ಲ. ಪೂರ್ತಿ ಉಪ್ಪು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, ಕಾಗವಾಡದ ಕಡೆಯ ಸವುಳು ಹೊಲದ ಹಾಗೆ ಇದೆ, ಇವರೂ ನೀರು ಕಟ್ಟಿ ಕಟ್ಟಿ ಕೆಡಿಸಿದರೇನು ಎಂದು ಕೇಳಿದರು. ಇಲ್ಲ, ಮೊದಲಿನಿಂದಲೂ ಹೀಗೇ ಎಂದಳು ಪದ್ಮಾ. ನಮ್ಮವರು ಕಷ್ಟಪಟ್ಟು ಮಾಡಿದ್ದು ಇವರಿಗೆ ತಾನಾಗಿಯೇ ಆಗಿದೆ ಎಂದರು ಅತ್ತೆ.

ನೊಣದ ಕಥೆ ಬೇರೆ. ಗಾಡಿಯ ಬಾಗಿಲು ತೆರೆದರೆ ಸಾಕು, ಮೂಗು ಬಾಯಿ ಕಣ್ಣು ಎಲ್ಲ ಕಡೆ ಮುತ್ತುತ್ತವೆ. ಅತ್ತೆ ಹೊಡೆಯುವುದಿಲ್ಲ, ಓಡಿಸುವುದೂ ಮೆಲ್ಲಗೆ. ಬಾಯಿ ಮುಚ್ಚಿಕೊಂಡು ಸೆರಗನ್ನು ಮುಖದ ಮುಂದೆ ಹಿಡಿದು ನಿಲ್ಲುತ್ತಿದ್ದರು. ನಾನು ಎರಡೂ ಕೈಯಿಂದ ಚಟಚಟ ಹೊಡೆಯುತ್ತಿದ್ದೆ. ಅವರು ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಇದೇ ನೋಡಿ ನನಗೆ ಆಗದಿರುವುದು. ಮದುವೆಯಾದಾಗಿನಿಂದ ಈ ಏನೂ ಅನ್ನದಿರುವುದನ್ನು ಸಹಿಸಿಕೊಂಡು ಬಂದಿದ್ದೇನೆ. ಊಟ ಬಿಡುತ್ತಾರೆ, ಯಾಕೆಂದು ಹೇಳುವುದಿಲ್ಲ. ಸೊಸೆ ಮನೆಯೆಲ್ಲ ಹುಡುಕಿ ತನ್ನ ತಪ್ಪು ತಾನೇ ಕಂಡುಹಿಡಿಯಬೇಕು.

ಕೂಬರ್ ಪೀಡಿ

ಇದು ನೆಲದೊಳಗಿನ ಊರು. ಬಿಸಿಲಿಗೆ ಹೆದರಿ ಜನ ಗುಡ್ಡ ಕೊರೆದು ಒಳಗೆ ಮನೆ ಮಾಡಿಕೊಂಡಿದ್ದಾರೆ. ನಮಗೆ ಸಿಕ್ಕ ಕೋಣೆಯೂ ಗವಿಯೇ, ತಣ್ಣಗೆ ಚೆನ್ನಾಗಿತ್ತು. ಆದರೆ ಕಿಟಕಿಯಿಲ್ಲ. ಹೊತ್ತು ಮುಳುಗಿದ ಮೇಲೆ ಅತ್ತೆ ಒಂದು ಹನಿ ನೀರೂ ಬಾಯಿಗೆ ಹಾಕುವುದಿಲ್ಲ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಹೊತ್ತು ಮುಳುಗಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಗಡಿಯಾರ ತೋರಿಸಿದರೆ ನಂಬುವವರಲ್ಲ. ಮೂರು ಸಲ ಮೆಟ್ಟಿಲು ಹತ್ತಿ ಮೇಲೆ ಹೋಗಿ ಸೂರ್ಯನನ್ನು ನೋಡಿ ಬಂದರು, ಇನ್ನೂ ಮುಳುಗಿಲ್ಲ ಎಂದು ಖಾತ್ರಿಯಾದ ಮೇಲೆ ಕಟ್ಟಿಕೊಂಡು ತಂದಿದ್ದ ದಶಮಿ ರೊಟ್ಟಿ, ಪುಟಾಣಿ ಚಟ್ನಿ ತಿಂದರು. ಊರಲ್ಲಿ ತಿನ್ನಲು ಸಿಗುತ್ತಿದ್ದುದು ಬಟಾಟೆ, ಮೊಟ್ಟೆ, ಮಾಂಸ. ನಮ್ಮ ಜೈನರ ಮನೆಯಲ್ಲಿ ನೆಲದೊಳಗೆ ಬೆಳೆದದ್ದನ್ನು ಅತ್ತೆ ಮುಟ್ಟುವುದಿಲ್ಲ. ನೆಲದೊಳಗೆ ಮಲಗಬಹುದೇನು ಎಂದು ನಾನು ಚೇಷ್ಟೆ ಮಾಡಿದೆ. ಅತ್ತೆ ಹಾಸಿಗೆಯನ್ನು ಮೆಲ್ಲಗೆ ಝಾಡಿಸಿ ಮಲಗಿಬಿಟ್ಟರು.

ಅವರ ನೀರಿನ ವಿಷಯ ಇಲ್ಲಿ ಹೇಳಲೇಬೇಕು. ಅತ್ತೆ ಸೋಸದ ನೀರು ಕುಡಿಯುವುದಿಲ್ಲ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸುತ್ತಾರೆ, ಆಮೇಲೆ ಕಾಯಿಸುತ್ತಾರೆ. ಇಷ್ಟನ್ನು ಬಹಳ ಮಂದಿ ಮಾಡುತ್ತಾರೆ. ಅತ್ತೆಯದು ಇನ್ನೂ ಒಂದು ಹೆಜ್ಜೆ ಮುಂದೆ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಆ ತೊಳೆದ ನೀರನ್ನು ಎಲ್ಲಿಂದ ನೀರು ತಂದರೋ ಅಲ್ಲಿಗೇ ಮರಳಿ ಬಿಡುತ್ತಾರೆ. ಬಟ್ಟೆಯಲ್ಲಿ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೇ ಹೋಗಿ ಸೇರಬೇಕು. ಬೇಡಕಿಹಾಳದಲ್ಲಿ ಮನೆ ಹಿಂದೆ ಬಾವಿಯಿದೆ, ಸಣ್ಣ ತಂಬಿಗೆಗೆ ಹಗ್ಗ ಕಟ್ಟಿ ನೀರಿನ ಮಟ್ಟದವರೆಗೆ ಇಳಿಸಿ ಬಿಡುತ್ತಾರೆ. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಇದಾಗದೆ ತಾವು ಗುಟುಕು ನೀರು ಕುಡಿಯುವುದಿಲ್ಲ.

ದಾರಿಗೆಂದು ಅಡಿಲೇಡ್‌ನ ಮನೆಯ ಮಳೆನೀರಿನ ಟಾಕಿಯಿಂದ ದೊಡ್ಡ ಕ್ಯಾನ್ ತುಂಬಿಕೊಂಡಿದ್ದೆವು. ದಿನಾ ಬೆಳಿಗ್ಗೆ ಅದರಿಂದಲೇ ಸೋಸುವುದು, ಅದಕ್ಕೇ ಮರಳಿ ಬಿಡುವುದು. ಎಲ್ಲ ಸರಾಗ ನಡೆದಿತ್ತು.

ರೋಡ್‌ಹೌಸ್

ಮಾರನೆಯ ಸಂಜೆ ತಂಗಿದ್ದು ಒಂದು ರೋಡ್‌ಹೌಸಿನಲ್ಲಿ. ಪೆಟ್ರೋಲ್ ಪಂಪು, ಖಾನಾವಳಿ, ನಾಲ್ಕು ತಗಡಿನ ಕೋಣೆ, ಅಷ್ಟೇ ಊರು. ಹಿಂದೆ ಬೋರ್‌ವೆಲ್, ಅದರ ಪೈಪಿನಿಂದ ತುಂಬುವ ದನಗಳ ತೊಟ್ಟಿ. ಗಾಡಿಯ ಮುಂದಿನ ಗಾಜಿನ ತುಂಬ ದಾರಿಯುದ್ದಕ್ಕೂ ಬಡಿದು ಸತ್ತ ಮಿಡತೆ, ಹುಳ. ಅಜಿತ ಆ ಗಾಜು ತೊಳೆದ. ಯಾವ ನೀರಿನಿಂದ? ಅತ್ತೆಯ ಕ್ಯಾನಿನಿಂದ. ಪೂರ್ತಿ ಖಾಲಿ ಮಾಡಿ, ಮೇಲೆ ಅರಿವೆಯಿಂದ ಪಳಪಳ ಒರೆಸಿ, ಹೆಂಗೈತ್ರಿ ವೈನಿ ಎಂದು ನನ್ನನ್ನೇ ಕೇಳಿದ. ಸತ್ತ ಹುಳ ತೊಳೆಯಲು ಬದುಕಿದವುಗಳನ್ನು ಚೆಲ್ಲಿದ ಪುಣ್ಯಾತ್ಮ. ಅತ್ತೆ ತಲೆಯ ಮೇಲಿನ ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡು ಒಳಗೆ ಹೋದರು. ನಮ್ಮ ಕಡೆ ಅಳಿಯನಿಗೆ ಅತ್ತೆ ಎದುರಾಡುವುದಿಲ್ಲ. ಇವರಂತೂ ಅವನ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದನ್ನೇ ನಾನು ಕಂಡಿಲ್ಲ.

ಬೆಳಿಗ್ಗೆ ಅತ್ತೆ ಆ ತೊಟ್ಟಿಯ ಪೈಪಿನಿಂದ ನೀರು ಹಿಡಿದರು. ಸವುಳು ನೀರು, ನಾಲಿಗೆಗೆ ಚುರುಚುರು. ಆದರೂ ಸೋಸಿದರು, ಕೋಣೆಯ ಕೆಟಲಿನಲ್ಲಿ ಕಾಯಿಸಿದರು, ಫ್ಲಾಸ್ಕಿಗೆ ತುಂಬಿದರು. ಬಟ್ಟೆ ತೊಳೆದ ನೀರನ್ನು ಮುಚ್ಚಳದ ತಂಬಿಗೆಯಲ್ಲಿ ಹಿಡಿದು ತೊಟ್ಟಿಯ ಕಡೆ ಹೊರಟಿದ್ದರು. ಅಷ್ಟರಲ್ಲಿ ಅಜಿತ ಓಡಿ ಬಂದ. ಅತ್ತೆ ಕೈಯಲ್ಲಿ ಭಾರ ಹಿಡಿದು ನಡೆಯುವುದನ್ನು ಅವನಿಂದ ನೋಡಲಾಗಲಿಲ್ಲ. ತಂಬಿಗೆಯನ್ನು ಎರಡೂ ಕೈಯಿಂದ ಈಸಿಕೊಂಡು, ತಲೆಬಾಗಿ, ಬಾಗಿಲು ತೆಗೆದು, ಅವರನ್ನು ಸೀಟಿನಲ್ಲಿ ಕೂರಿಸಿ, ತಂಬಿಗೆಯನ್ನು ಕಾಲ ಬಳಿ ಭದ್ರವಾಗಿ ಇಟ್ಟ. ಇಂಥ ಅಳಿಯ ಚಿಕ್ಕೋಡಿ ತಾಲೂಕೆಲ್ಲ ಹುಡುಕಿದರೂ ಸಿಗಲಿಕ್ಕಿಲ್ಲ. ಅತ್ತೆ ತೊಟ್ಟಿಯ ಕಡೆ ಒಮ್ಮೆ ಹೊರಳಿ ನೋಡಿದರು. ನಾನು ಕೋಣೆಯ ಬೀಗದ ಕೈ ಕೊಟ್ಟು ಬರುವಷ್ಟರಲ್ಲಿ ಗಾಡಿ ಶುರುವಾಗಿತ್ತು.

ಗಡಿ

ಮಧ್ಯಾಹ್ನದ ಹೊತ್ತಿಗೆ ಎರಡು ರಾಜ್ಯಗಳ ಗಡಿ ಬಂತು. ಗಡಿ ಎಂದರೆ ನನ್ನ ಮನಸ್ಸಿನಲ್ಲಿ ನಿಪ್ಪಾಣಿ ಆಚೆ ಮರಾಠಿ ಸೀಮೆಗೆ ದಾಟುವ ಕೊಗನೊಳ್ಳಿ. ಟೋಲು, ಪೊಲೀಸರು, ಲಾರಿಗಳ ಸಾಲು, ವರ್ಷಕ್ಕೊಮ್ಮೆಯಾದರೂ ಬಸ್ಸು ನಿಲ್ಲಿಸಿ ಅದರ ಮೈಗೆ ಮಸಿ ಬಳಿಯುವವರು. ಆಚೆಯವರಿಗೂ ಎರಡು ಭಾಷೆ ಬರುತ್ತದೆ, ಈಚೆಯವರಿಗೂ ಬರುತ್ತದೆ, ಆದರೂ ಜಗಳ. ಇಲ್ಲಿ ಒಂದು ಫಲಕ, ಒಂದು ಕಸದ ಡಬ್ಬಿ, ಒಂದು ಶೌಚಾಲಯ, ನೆರಳಿಗೆ ಒಂದು ತಗಡು, ಅದರ ಪಕ್ಕ ಮಳೆನೀರಿನ ಟಾಕಿ. ಒಬ್ಬ ಮನುಷ್ಯನಿಲ್ಲ. ಗಡಿ ದಾಟಿದರೆ ಮೊಬೈಲಿನ ಗಡಿಯಾರ ತಾನೇ ಒಂದು ತಾಸು ಹಿಂದೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಊಟಕ್ಕೆ ಕೂತಾಗ ಅತ್ತೆಯ ತುಟಿ ನೋಡಿದೆ. ಒಣಗಿ ಸುಲಿದಿತ್ತು. ಫ್ಲಾಸ್ಕು ಎತ್ತಿ ನೋಡಿದರೆ ತುಂಬಿದ್ದು ತುಂಬಿದ ಹಾಗೇ ಇದೆ. ತಂಬಿಗೆ ಅವರ ತೊಡೆಯ ಮೇಲೆ.

"ಅತ್ತಿ, ಬೆಳಗಿನಿಂದ ನೀರ ಕುಡದಿಲ್ಲೇನ್ರಿ?"

"ಇದು ಹಂಗ ಉಳದೈತಿ," ಎಂದು ತಂಬಿಗೆ ಮುಟ್ಟಿ ತೋರಿಸಿದರು. "ಬಿಡೂದು ಆಗಲಿಲ್ಲ. ಅಳ್ಯಾಂದಿರ ಮುಂದ ಈ ಮಾತ ತೆಗೀಬ್ಯಾಡ."

ನನ್ನ ಪಿತ್ತ ನೆತ್ತಿಗೇರಿತು. ಗಾಡಿಯ ಹೊರಗೆ ಬೆಂಕಿ ಸುರಿಯುತ್ತಿದೆ, ಈ ವಯಸ್ಸಿನಲ್ಲಿ ಇವರು ನೀರು ಬಿಟ್ಟು ಕೂತಿದ್ದಾರೆ, ಅದೂ ಅಳಿಯನಿಗೆ ಮುಜುಗರವಾಗಬಾರದೆಂದು. ಇಲ್ಲಿಯೂ ಟಾಕಿ ಇದೆಯಲ್ಲ, ಇದರಲ್ಲೇ ಬಿಡಿ ಎಂದೆ. ಅತ್ತೆ ನಲ್ಲಿ ತಿರುಗಿಸಿ ಒಂದು ಹನಿ ಬೆರಳಿಗೆ ಹಚ್ಚಿ ನೋಡಿದರು.

"ಇದು ಸಿಹಿ ನೀರ. ಅವು ಸವುಳಿನ್ಯಾವು. ನಿಪ್ಪಾಣಿ ಸಂತ್ಯಾಗ ತಪ್ಪಿದ ಕೂಸನ್ನ ಅಥಣ್ಯಾಗ ಬಿಟ್ರ ಅದಕ್ಕ ಮನಿ ಸಿಗತೈತೇನ?"

ಇದಕ್ಕೆ ಏನು ಹೇಳುತ್ತೀರಿ? ಪದ್ಮಾಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವಳು ಗಂಡನ ಕಡೆ ನೋಡಿದಳು. ಅವನು ಟೈರಿಗೆ ಒದ್ದು ಗಾಳಿ ನೋಡುತ್ತಿದ್ದ. ನಾನು ಅವ್ವನಿಗೆ ತಿಳಿಸಿ ಹೇಳುತ್ತೇನೆ, ನೀವು ಗದ್ದಲ ಮಾಡಬೇಡಿ ಎಂದಳು. ಅಲ್ಲಿಯ ಶೌಚಾಲಯದ ಚಿಲಕ ಮುರಿದಿತ್ತು. ಅತ್ತೆ ತಂಬಿಗೆಯನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದರು, ನಾನು ಬಾಗಿಲು ಹಿಡಿದು ನಿಂತೆ. ಮರಳಿ ಬಂದು ತಂಬಿಗೆ ಈಸಿಕೊಂಡು ಕೂತರು. ಪದ್ಮಾ ಏನು ತಿಳಿಸಿ ಹೇಳಿದಳೋ ಏನೋ, ಫ್ಲಾಸ್ಕಿನ ಮುಚ್ಚಳ ಮಾತ್ರ ತೆರೆಯಲಿಲ್ಲ.

ಗಡಿಯ ಆಚೆ

ಅಲ್ಲಿಂದ ಮುಂದೆ ಅಜಿತ ಕಾಂಗರೂ ಪುರಾಣ ಹೇಳುತ್ತ ಗಾಡಿ ಓಡಿಸಿದ. ಹೊತ್ತು ಇಳಿದ ಮೇಲೆ ಅವು ಗಿಡದ ಮರೆಯಿಂದ ಎಗರಿ ರಸ್ತೆಗೆ ಬರುತ್ತವೆ, ಗಾಡಿಯೂ ಉಳಿಯುವುದಿಲ್ಲ, ಅವೂ ಉಳಿಯುವುದಿಲ್ಲ; ಹಾಗಾಗಿ ಸಂಜೆಯೊಳಗೆ ತಂಗುವ ಜಾಗ ಮುಟ್ಟಲೇಬೇಕು. ರಸ್ತೆಯ ಬದಿಗೆ ಬಿದ್ದಿದ್ದ ಒಣ ಕಳೇಬರಗಳನ್ನು ನಾನೂ ನೋಡಿದ್ದೆ. ಬಸ್ಸಿನವನಲ್ಲವೇ, ಹೊತ್ತಿಗೆ ಸರಿಯಾಗಿ ಮುಟ್ಟುವುದೊಂದೇ ಅವನ ಧರ್ಮ.

ಅಷ್ಟರಲ್ಲಿ ಅತ್ತೆಯ ತಲೆ ನನ್ನ ಭುಜದ ಮೇಲೆ ಬಿತ್ತು. ನಿದ್ದೆಯೆಂದುಕೊಂಡೆ. ಮುಟ್ಟಿದರೆ ಮೈ ಸುಡುತ್ತಿತ್ತು, ಹನಿ ಬೆವರಿಲ್ಲ. ಕಣ್ಣು ತೆರೆದರು, ನನ್ನನ್ನು ಪದ್ಮಾ ಎಂದು ಕರೆದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಗಾಡಿ ನಿಲ್ಲಿಸಿ ಎಂದು ಕೂಗಿದೆ. ಒಂದು ಪೆಟ್ರೋಲ್ ಪಂಪಿನ ನೆರಳಿನಲ್ಲಿ ನಿಲ್ಲಿಸಿದ. ಒದ್ದೆ ಟವೆಲು ತಲೆಗೆ ಹಾಕಿದೆವು. ನೀರು ತುಟಿಗೆ ಹಿಡಿದರೆ ಬಾಯಿ ಬಿಗಿ ಹಿಡಿದರು. ಆಗ ಅಳಿಯನ ಮುಂದೆ ಎಲ್ಲ ಒದರಿಬಿಟ್ಟೆ.

ಅಜಿತ ತಂಬಿಗೆ ನೋಡಿದ, ನನ್ನನ್ನು ನೋಡಿದ. ಅಂಗೈಯಷ್ಟು ನೀರಿಗೆ ನಿಪ್ಪಾಣಿಯಿಂದ ಪುಣೆಗಿಂತ ದೂರ ಹೊಳ್ಳಿ ಹೋಗುವುದೇ, ಹೋದರೆ ಕತ್ತಲಾಗುತ್ತದೆ, ಕಾಂಗರೂ ಬಡಿದು ಸತ್ತರೆ ಯಾರು ಹೊಣೆ ಎಂದು ಶುರು ಮಾಡಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ದವಾಖಾನೆಗೆ ಒಯ್ಯೋಣವೆಂದರೆ ಅದು ಇನ್ನೂ ದೂರ. ಅಲ್ಲಿ ಒಯ್ದರೂ ಬಾಯಿ ತೆರೆಯುವವರಲ್ಲ ಇವರು, ನನಗೆ ಗೊತ್ತು.

"ಅಣ್ಣಾರ, ಗಾಡಿ ಹೊಳ್ಳಸ್ರಿ," ಎಂದೆ. "ಬಂಡಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಹೊತ್ತ ಮುಳಗೂದ್ರಾಗ ಮುಟ್ಟಸ್ರಿ. ಮುಳಗಿದ್ರ ಇವರು ನಾಳೆತನಕ ಕುಡ್ಯಾಂಗಿಲ್ಲ."

ಬಂಡೆ ಅನ್ನಬೇಕಿತ್ತು, ಸಿಟ್ಟಿನಲ್ಲಿ ಬಂಡಿ ಎಂದುಬಿಟ್ಟೆ. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಪದ್ಮಾಳ ಕಡೆ ನೋಡಿದೆ. ನಿನ್ನ ಹಡೆದವ್ವ, ನೀನಾದರೂ ಒಂದು ಮಾತು ಆಡೆ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಅಜಿತ ಬಾಗಿಲು ದಡಕ್ಕನೆ ಹಾಕಿಕೊಂಡು ಗಾಡಿ ತಿರುಗಿಸಿದ.

ಆ ದಾರಿಯಲ್ಲಿ ಬಲಗಡೆ ಸೂರ್ಯ ಇಳಿಯುತ್ತಿದ್ದ. ಎದುರು ಬಂದವರು ಬೆರಳೆತ್ತಿದರೆ ಅಜಿತ ಎತ್ತಲಿಲ್ಲ. ನಾನು ಸೂರ್ಯನನ್ನು ನೋಡುವುದು, ಅತ್ತೆಯ ಕೈ ಹಿಡಿದು ನೋಡುವುದು, ಮತ್ತೆ ಸೂರ್ಯನನ್ನು ನೋಡುವುದು. ಮನಸ್ಸಿನಲ್ಲಿ ಎಲ್ಲರನ್ನೂ ಬೈದೆ. ಗಾಜು ತೊಳೆದವನನ್ನು, ತುಟಿ ಹೊಲಿದುಕೊಂಡ ಮಗಳನ್ನು, ಊರಲ್ಲಿ ಕಬ್ಬು ಕಾಯುತ್ತ ಕೂತ ನನ್ನ ಗಂಡನನ್ನು. ಎಲ್ಲರಿಗಿಂತ ಹೆಚ್ಚು ಬೈದದ್ದು ನನ್ನ ಭುಜಕ್ಕೆ ಒರಗಿದ್ದ ಈ ಮುದುಕಿಯನ್ನು. ಇವರು ಹೋಗಿಬಿಟ್ಟರೆ ಏನು ಮಾಡಲಿ?

ಮತ್ತೆ ರೋಡ್‌ಹೌಸ್

ಮುಟ್ಟಿದಾಗ ಸೂರ್ಯ ಇನ್ನೂ ಗಿಡಗಳ ಮೇಲಿದ್ದ. ರೋಡ್‌ಹೌಸಿನ ಒಡತಿ ಬಾಗಿಲಿಗೆ ಬಂದು, ಏನು ಮರೆತು ಹೋದಿರಿ ಎಂದು ಕೇಳಿದಳು. ಏನೆಂದು ಹೇಳುವುದು ಅಜಿತನಿಗೆ ತಿಳಿಯಲಿಲ್ಲ. ಹಿತ್ತಿಲ ಕಡೆ ಕೈ ತೋರಿಸಿದ. ಅವಳು ಹೆಗಲು ಕುಣಿಸಿ ಒಳಗೆ ಹೋದಳು.

ಅತ್ತೆಯನ್ನು ನಾನೂ ಪದ್ಮಾಳೂ ಎರಡು ಕಡೆ ಹಿಡಿದು ತೊಟ್ಟಿಯವರೆಗೆ ನಡೆಸಿದೆವು. ಅವರು ಬಗ್ಗಿ, ತಂಬಿಗೆಯ ಮುಚ್ಚಳ ತೆಗೆದು, ಬಾಯಿಯನ್ನು ನೀರಿನ ಮಟ್ಟಕ್ಕೆ ಹಿಡಿದರು. ಇನ್ನೇನು ಬಿಡಬೇಕು, ಪದ್ಮಾ ಅವರ ಮುಂಗೈ ಗಟ್ಟಿಯಾಗಿ ಹಿಡಿದಳು.

"ಅವ್ವಾ, ಬಿಡಬ್ಯಾಡ. ಅದು ಸಿಹಿ ನೀರ."

ಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವಳೇ ಅಳುತ್ತ ಹೇಳಿದಳು. ಗಡಿಯಲ್ಲಿ ನಾವು ಶೌಚಾಲಯಕ್ಕೆ ಹೋದಾಗ ತಂಬಿಗೆಯ ನೀರನ್ನು ಒಂದು ಗಿಡದ ಬುಡಕ್ಕೆ ಚೆಲ್ಲಿದ್ದಳು. ಚೆಲ್ಲಿಬಿಟ್ಟರೆ ಮುಗಿಯಿತು, ಅವ್ವ ಬೈದು ಸುಮ್ಮನಾಗಿ ನೀರು ಕುಡಿಯುತ್ತಾಳೆ ಎಂದುಕೊಂಡಿದ್ದಳು. ನಾವು ಬರುವುದು ಕಂಡು ಹೆದರಿ, ಅಲ್ಲಿಯ ಟಾಕಿಯ ನಲ್ಲಿಯಿಂದ ತುಂಬಿ ಮುಚ್ಚಳ ಹಾಕಿದ್ದಳು. ದಾರಿಯುದ್ದಕ್ಕೂ ಹೇಳಲು ಬಾಯಿ ಬಂದಿರಲಿಲ್ಲ. ಈಗ ಸಿಹಿ ನೀರಿನ ಜೀವಗಳನ್ನು ಸವುಳಿಗೆ ಹಾಕುವುದನ್ನು ಕಣ್ಣಿಂದ ನೋಡುವುದು ಮಾತ್ರ ಅವಳಿಂದಾಗಲಿಲ್ಲ.

ಅಜಿತ ತಲೆ ಮೇಲೆ ಕೈ ಹೊತ್ತು ನೆಲಕ್ಕೆ ಕೂತ. ನನಗೆ ಪದ್ಮಾಳ ಕೆನ್ನೆಗೆ ಎರಡು ಬಿಡಬೇಕೆನಿಸಿತು. ಈಗಲೂ ಅವಳು ಫೋನು ಮಾಡಿದರೆ ಎರಡು ಮಾತಾಡಿ ಅತ್ತೆಗೆ ಕೊಟ್ಟುಬಿಡುತ್ತೇನೆ.

ಅತ್ತೆ ಮಾತ್ರ ಮುಚ್ಚಳವನ್ನು ಮತ್ತೆ ಹಾಕಿದರು. ಇವು ಅಲ್ಲಿಯವು, ನಾಳೆ ಹೋಗುವಾಗ ಅಲ್ಲೇ ಬಿಡೋಣ ಎಂದು ತಂಬಿಗೆಯನ್ನು ಪಕ್ಕಕ್ಕಿಟ್ಟರು. ಸತ್ತವು ಸತ್ತವು, ಅದರ ಪಾಪಕ್ಕೆ ತನಗೆ ಇಂದು ನೀರು ಬೇಡ ಎಂದರು. ಅದನ್ನೂ ಮೆಲ್ಲಗೆ, ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದರು. ಗಿಡಗಳ ತುದಿಗೆ ಸೂರ್ಯ ತಾಗಿದ್ದ.

ಅಷ್ಟೂ ವರ್ಷ ಅವರೆದುರು ಆಡದೆ ನುಂಗಿದ್ದೆಲ್ಲ ಬಾಯಿಗೆ ಬಂತು.

"ಅತ್ತಿ, ನೀವೂ ಒಂದ ಜೀವ ಅಲ್ಲೇನ್ರಿ? ನಿಮ್ಮನ್ನ ಬೇಡಕಿಹಾಳದಿಂದ ಎತಗೊಂಡ ಬಂದಾಕಿ ನಾನು. ಹೊಳ್ಳಿ ಅಲ್ಲೇ ಒಯ್ದು ಬಿಡಬೇಕು. ನಡು ಹಾದ್ಯಾಗ ನೀವು ಒಣಗಿ ಹ್ವಾದ್ರ ಆ ಪಾಪ ಯಾರಿಗ್ರಿ? ನಾ ಎಲ್ಲಿ ತೊಳಕೊಳ್ಳಲಿ?"

ಫ್ಲಾಸ್ಕಿನಿಂದ ಗ್ಲಾಸಿಗೆ ಬಗ್ಗಿಸುವಾಗ ಅರ್ಧ ನೆಲಕ್ಕೆ ಬಿತ್ತು. ಅತ್ತೆ ನನ್ನನ್ನೇ ನೋಡಿದರು. ಅಷ್ಟು ಹೊತ್ತು ಅವರು ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ತೊಟ್ಟಿಯ ಪಕ್ಕದ ಮಣ್ಣಿನಲ್ಲೇ ಮೆಲ್ಲಗೆ ಕೂತು, ಕೈ ಚಾಚಿ ಗ್ಲಾಸು ಈಸಿಕೊಂಡರು. ಗಟಗಟ ಕುಡಿದು ಗ್ಲಾಸನ್ನು ಮತ್ತೆ ನನ್ನ ಕಡೆ ಚಾಚಿದರು.

"ಇನ್ನೊಂದ ಹಾಕು. ಹೊತ್ತ ಮುಳಗಾಕತ್ತೈತಿ."